ಇನಾರಿಯಿಂದ ಮುಂದಿನ ದಾರಿ

ಕೆಮಿಯಾರ್ವಿ
ಭಾನುವಾರ, ಜೂನ್ 9, 1996

ಪ್ರೀತಿಯ ಮಗು ರೈಮೋ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಹಡಗುಕಟ್ಟೆಯಲ್ಲಿ ಭಾರ ಎತ್ತುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೋ ಎಂದು ಎಷ್ಟು ಸಲ ಹೇಳಿದ್ದೇನೆ, ನೀನು ಹೇಳಿದರೆ ಕೇಳುವ ಜಾತಿಯವನಲ್ಲ. ನನ್ನ ಸೊಸೆ ಸಿರ್ಪಾ ಈಗ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾಳೆಯೇ? ಅವಳು ಒಂದು ಮಾತು ಆಡದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ಊಟ ಮಾಡು. ಇಲ್ಲಿ ಸರೋವರದ ಮಂಜುಗಡ್ಡೆ ಈ ವರ್ಷ ತಡವಾಗಿ ಕರಗಿತು. ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತದೆ, ಆದರೂ ನಡೆಯುತ್ತೇನೆ.

ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತೀಯ, ಅಮ್ಮಾ ಎಂದು ಕರೆದು ಹತ್ತು ನಿಮಿಷ ಮಾತಾಡುತ್ತೀಯ. ಆ ಹತ್ತು ನಿಮಿಷಕ್ಕಾಗಿ ವಾರವಿಡೀ ಕಾಯುತ್ತೇನೆ. ಆದರೆ ನಾನು "ನಿಮ್ಮಪ್ಪ" ಅಂದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ಹರಿದು ಎಸೆಯಬಹುದು, ಎಸೆಯುವ ಮುಂಚೆ ಕೊನೆಯವರೆಗೂ ಓದು. ಇದಕ್ಕೆ ಮುಂಚೆ ಬರೆದ ನಾಲ್ಕನ್ನು ನಾನೇ ಒಲೆಗೆ ಹಾಕಿದ್ದೇನೆ.

ನಿಮ್ಮಪ್ಪನ ವಿಷಯ ಮೊದಲು ಹೇಳಿಬಿಡುತ್ತೇನೆ. ಹೊಟ್ಟೆಯ ಗಡ್ಡೆ ಪಿತ್ತಕೋಶಕ್ಕೂ ಹಬ್ಬಿದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನೇರ ಮಾತಿನವಳು. "ಈ ಬೇಸಿಗೆ ಇದೆ ನಿಮ್ಮ ಕೈಲಿ. ಚಳಿಗಾಲದ ಮಾತು ನನ್ನ ಕೇಳ್ಬೇಡಿ" ಅಂದಳು. ನಾನು ಆಸ್ಪತ್ರೆಯ ಬಾಗಿಲಲ್ಲೇ ಅತ್ತುಬಿಟ್ಟೆ. ಅವರು ಕಾರಿನಲ್ಲಿ ಕೂತು "ಹಾಗಾದ್ರೆ ಪೀಕೆಯಾ ಕಡಲಿಗೆ ಹೋಗಿಬರೋಣ, ಟೈರ್ ನೋಡಿಸ್ಬೇಕು" ಅಂದರು. ಮನುಷ್ಯ ಸಾಯುವ ಸುದ್ದಿ ಕೇಳಿ ಟೈರಿನ ಯೋಚನೆ ಮಾಡುತ್ತಾನೆ ನೋಡು.

ಅಂದಿನಿಂದ ಅಡುಗೆಮನೆಯ ಮೇಜಿನ ಮೇಲೆ ಹಳೆಯ ನಕ್ಷೆ ಹರಡಿಕೊಂಡು ಬಿದ್ದಿದೆ. ನಿನಗೆ ನಾಲ್ಕು ವರ್ಷವಾಗಿದ್ದಾಗ ಕೊಂಡದ್ದು, ಮಡಿಕೆಗಳೆಲ್ಲ ಹರಿದು ಟೇಪಿನ ಬಲದಿಂದ ಬದುಕಿದೆ. ನಾನು ತಟ್ಟೆ ಇಡುವುದಕ್ಕೂ ಜಾಗ ಕೇಳಬೇಕು. ಎಲ್ಲೆಲ್ಲಿ ಪೆಟ್ರೋಲ್ ಸಿಗುತ್ತದೆ, ಯಾವ ತಿರುವಿನಲ್ಲಿ ಹಿಮಸಾರಂಗಗಳು ರಸ್ತೆಯ ಮೇಲೆ ಮಲಗುತ್ತವೆ, ಗಡಿ ದಾಟಿ ನಾರ್ವೆಯಲ್ಲಿ ಪೀಕೆಯಾದ ಕಡಲ ದಂಡೆಗೆ ಇಳಿಯುವ ಮುನ್ನ ಎಲ್ಲಿ ಗುಡಾರ ಹಾಕಬೇಕು, ಎಲ್ಲದಕ್ಕೂ ಪೆನ್ಸಿಲ್ ಗುರುತು. ಪಟ್ಟಿಯನ್ನು ಮೂರು ಸಲ ಬರೆದಿದ್ದಾರೆ. ಕಪ್ಪು ರೊಟ್ಟಿ, ಕಾಫಿಪುಡಿ, ಹೊಗೆಯಾಡಿಸಿದ ಮೀನು, ಉಣ್ಣೆಯ ಕಾಲುಚೀಲ, ಮಾತ್ರೆಗಳು. ಸೊಳ್ಳೆ ಎಣ್ಣೆ ಐದು ಬಾಟಲಿ. ಮೂವತ್ತು ವರ್ಷ ಪಟ್ಟಿಯ ತುದಿಯಲ್ಲಿ ಇರುತ್ತಿದ್ದ, ಸೊಳ್ಳೆಗೆ ಕೆಂಡದ ಹೊಗೆ ಹಾಕುವ ಹೊಗೆಬಕೆಟ್ಟು ಈ ಸಲ ಇಲ್ಲ.

ಮೊನ್ನೆ ಗುಡಾರವನ್ನು ಬಿಸಿಲಿಗೆ ಹಾಕಿದ್ದೆವು. ಪಕ್ಕದ ಮನೆಯ ಮಾರ್ತಾ ಬೇಲಿಯ ಮೇಲೆ ಮೊಣಕೈ ಊರಿಕೊಂಡು, "ಏನೇ ಹಿಲ್ಯಾ, ಈ ಸ್ಥಿತಿಯಲ್ಲಿರೋ ಮನುಷ್ಯನ್ನ ಅಷ್ಟು ದೂರ ಕರ್ಕೊಂಡ್ ಹೋಗ್ತೀಯಾ? ಅಲ್ಲೇನಾದ್ರೂ ಆದ್ರೆ ಹೆಣ ಗಡಿ ದಾಟಿಸೋಕೆ ಕಾಗದ ಪತ್ರ ಬೇಕು, ಗೊತ್ತಾ?" ಅಂದಳು. ನಾಲಿಗೆಗೆ ಎಲುಬಿಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ನಾನು ಉರಿದುಬಿದ್ದೆ. ನಿಮ್ಮಪ್ಪ ಮೆಟ್ಟಿಲ ಮೇಲೆ ಕೂತಲ್ಲಿಂದಲೇ, "ಸರಿಯಾಗೇ ಹೇಳ್ದೆ ಮಾರ್ತಾ. ಹಿಲ್ಯಾ, ಅದನ್ನೂ ಪಟ್ಟಿಗೆ ಸೇರಿಸು" ಎಂದು ನಕ್ಕರು. ಒಂದು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕಷ್ಟ ಏನೆಂದರೆ ಅವರು ಕಾರು ಓಡಿಸುವ ಹಾಗಿಲ್ಲ. ಕಾಲು ಬಾತಿದೆ, ಬ್ರೇಕ್ ತುಳಿದದ್ದು ಪಾದಕ್ಕೆ ತಿಳಿಯುವುದಿಲ್ಲ. ಹೋದ ವಾರ ಹೇಳದೆ ಕೇಳದೆ ಕಾರು ತೆಗೆದು ಕಟ್ಟಿಗೆ ಶೆಡ್ಡಿಗೆ ಗುದ್ದಿದರು. ನನಗೆ ಓಡಿಸಲು ಬರುವುದಿಲ್ಲ. ಬೇರೆ ಯಾರನ್ನಾದರೂ ಕೇಳೋಣ ಅಂದರೆ "ಬೇಡ" ಎಂಬ ಒಂದೇ ಮಾತು. ಪಟ್ಟಿಯ ಮೇಲ್ಗಡೆ ಮೊದಲ ಸಾಲಿನಲ್ಲಿ "ಓಡಿಸುವವನು, ರೈಮೋ" ಎಂದು ಬರೆದಿದ್ದಾರೆ. ಅವನು ಬರುವುದಿಲ್ಲ ಅಂತ ಗೊತ್ತಲ್ಲ ಅಂದೆ. "ಗೊತ್ತು. ಬರೆದಿಡೋಕೇನು ಕಷ್ಟ?" ಅಂದರು.

ಯಾಕೆ ಈ ಹಠ ಎಂದು ನೀನು ಕೇಳುತ್ತೀಯ. ಹೋದ ವರ್ಷ ನಾವು ಇನಾರಿಯಿಂದ ಮುಂದೆ ಹೋಗಲಿಲ್ಲ. ನಿನ್ನ ಮಗಳು, ಎಂಟು ವರ್ಷದ ಕೈಸಾ, ಮೊದಲ ಬಾರಿ ಉತ್ತರದ ಕಡಲಿಗೆ ಕಾಲಿಡುತ್ತೇನೆಂದು ಕುಣಿಯುತ್ತಾ ಬಂದಿದ್ದಳು, ತನ್ನ ಪುಟ್ಟ ಗುಡಾರದಲ್ಲಿ ತಾನೊಬ್ಬಳೇ ಮಲಗಬೇಕೆಂದು ಹಠ ಹಿಡಿದಿದ್ದಳು. ಬೆಳಿಗ್ಗೆ ನೀನು ಅವಳನ್ನು ತಿಂಡಿಗೆ ಎಬ್ಬಿಸಲು ಹೋದೆ. ಬಿಗಿಯಾಗಿ ಮುಚ್ಚಿದ ಗುಡಾರದ ಮೂಲೆಯಲ್ಲಿ ಹೊಗೆಬಕೆಟ್ಟು ಇತ್ತು, ಮಗು ಏಳಲಿಲ್ಲ. ಮುಂದಿನದನ್ನು ನಾನು ಬರೆಯಲಾರೆ. ಆಂಬುಲೆನ್ಸು ಹೋದ ಮೇಲೆ ನೀನು ಅಪ್ಪನ ಮುಂದೆ ನಿಂತು, "ಮಗು ಮಲಗಿರೋ ಕಡೆ ಕೆಂಡ ಇಟ್ಯಲ್ಲ, ನಿಂಗೆ ಬುದ್ಧಿ ಎಲ್ಲಿ ಹೋಗಿತ್ತು? ಇನ್ನು ನಿನ್ನ ಮುಖ ನೋಡಲ್ಲ" ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ನಿನ್ನ ಸಂಕಟಕ್ಕೆ ಅದು ಹೆಚ್ಚಿನ ಮಾತೇನಲ್ಲ, ನಾನು ನಿನ್ನನ್ನು ದೂರುವುದಿಲ್ಲ. ಅವರೂ ದೂರಲಿಲ್ಲ. ಮನೆಗೆ ಬಂದು ಆ ಪುಟ್ಟ ಗುಡಾರವನ್ನು ಹಿತ್ತಲಲ್ಲಿ ಸುಟ್ಟರು. ಆಮೇಲೆ ಒಂದು ತಿಂಗಳು ಹಬೆಸ್ನಾನದ ಸೌನಾಕ್ಕೂ ಬೆಂಕಿ ಹಾಕಲಿಲ್ಲ. ಫಿನ್‌ಲೆಂಡಿನ ಗಂಡಸು ಶನಿವಾರ ಸೌನಾ ಬಿಟ್ಟ ಅಂದರೆ ನೀನೇ ಲೆಕ್ಕ ಹಾಕು.

ಈಗ ಅವರು ಹೇಳುವುದು ಇಷ್ಟೇ. "ಹೊರಟ ದಾರಿ ಮುಗಿಸ್ಬೇಕು. ಅವನು ಮಾತಾಡದಿದ್ರೂ ಸರಿ, ಪಕ್ಕದಲ್ಲಿ ಕೂತಿರ್ತೀನಿ." ಬೇಸಿಗೆ ನಡುಹಬ್ಬ ಕಳೆದ ಮರುವಾರ, ಜೂನ್ ಇಪ್ಪತ್ತೆಂಟಕ್ಕೆ ಹೊರಡುವುದೆಂದು ಗೊತ್ತು ಮಾಡಿದ್ದಾರೆ. ಅದಕ್ಕಿಂತ ತಡವಾದರೆ ಅವರಿಂದ ಆಗುವುದಿಲ್ಲ. ರೈಲಿನಲ್ಲಿ ರೊವಾನಿಯೆಮಿಯವರೆಗೆ ಬಂದರೆ ಮಾರ್ತಾಳ ಗಂಡ ಕರೆದುಕೊಂಡು ಬರುತ್ತಾನೆ. ನಾಲ್ಕೇ ದಿನ, ಮಗು. ಬೇಡಿಕೊಳ್ಳುತ್ತೇನೆ.

ಸಿರ್ಪಾಗೆ ನನ್ನ ಪ್ರೀತಿ ಹೇಳು. ಅವಳಿಗಾಗಿ ಹೆಣೆದ ಶಾಲು ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ. ದೇವರು ನಿಮ್ಮಿಬ್ಬರ ಕೈ ಬಿಡದಿರಲಿ, ನೀವೂ ಒಬ್ಬರ ಕೈ ಒಬ್ಬರು ಬಿಡಬೇಡಿ.

ನಿನ್ನ ಅಮ್ಮ,
ಹಿಲ್ಯಾ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಉಳಿದದ್ದು: ಈಗ ಸೋಮವಾರ ಬೆಳಿಗ್ಗೆ, ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬಕೆಟ್ಟು ಇಟ್ಟದ್ದು ನಿಮ್ಮಪ್ಪ ಅಲ್ಲ. ನಾನು. ಸೊಳ್ಳೆ ಕಾಟಕ್ಕೆ ಮಗು ನಿದ್ದೆಗಣ್ಣಲ್ಲೇ ಅಳುತ್ತಿತ್ತು. ನನ್ನ ತವರಿನಲ್ಲಿ ದನದ ಕೊಟ್ಟಿಗೆಗೂ ನಾವು ಮಲಗುವ ಕೋಣೆಗೂ ಕೆಂಡದ ಮೇಲೆ ಹಸಿ ಪಾಚಿ ಹಾಕಿ ಹೊಗೆ ಇಡುತ್ತಿದ್ದೆವು, ಮಲಗುವ ಮುಂಚೆ ಹೊರಗಿಡುತ್ತಿದ್ದೆವು. ನಾನು ಹೊರಗಿಡಲಿಲ್ಲ. ಬೂದಿ ಮುಚ್ಚಿತ್ತು, ಆರಿದೆ ಅಂದುಕೊಂಡೆ. ಪೊಲೀಸರು ಬರುವ ಮುಂಚೆ ನಿಮ್ಮಪ್ಪ ನನ್ನ ಭುಜ ಹಿಡಿದು, "ನಾನಿಟ್ಟೆ ಅಂತ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ. ಅವನಿಗೆ ಅಮ್ಮನಾದ್ರೂ ಉಳೀಲಿ" ಅಂದರು. ನಾನು ಬಾಯಿ ಬಿಡಲಿಲ್ಲ. ನಿನ್ನ ಎದುರು ಅವರು ತಲೆ ತಗ್ಗಿಸಿ ನಿಂತಾಗಲೂ ಬಿಡಲಿಲ್ಲ. ಐವತ್ತು ಭಾನುವಾರ ನಿನ್ನ ಬಾಯಲ್ಲಿ ಅಮ್ಮಾ ಎಂದು ಕರೆಸಿಕೊಂಡೆ. ಇದನ್ನು ಬರೆದದ್ದು ಅವರಿಗೆ ಗೊತ್ತಿಲ್ಲ. ಇಪ್ಪತ್ತೆಂಟಕ್ಕೆ ಬಾ. ನಾನು ಕಾರು ಹತ್ತುವುದಿಲ್ಲ, ನೀನು ಬರುವ ಹೊತ್ತಿಗೆ ಮಾರ್ತಾಳ ಮನೆಯಲ್ಲಿರುತ್ತೇನೆ, ನಿನಗೆ ನನ್ನ ಮುಖ ಕಾಣಿಸುವುದಿಲ್ಲ. ನೀವಿಬ್ಬರೇ ಹೋಗಿಬನ್ನಿ.