ಕೂರಬಾರದು ಎಂದು ಬೋರ್ಡು ಹಾಕಿದ ಬೆಂಚಿನ ಬಗ್ಗೆ

ಬಾಳ್ಳುಪೇಟೆಯ ಕುಟುಂಬ ಸಲಹಾ ಸಂಘದ ಮಾನ್ಯ ಅಧ್ಯಕ್ಷರೇ,

ನೀವು ಸಭೆ ಮಾಡಿ, ಹಾರ ಹಾಕಿ, ಫೋಟೋ ತೆಗೆಸಿ ಗಂಡನ ಜೊತೆ ಕಳಿಸಿಕೊಟ್ಟ ಶೃತಿ ಎಂಬ ಹುಡುಗಿಯ ದವಡೆ ಎರಡು ಕಡೆ ಮುರಿದಿದೆ. ಹಾಸನದ ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದಾರೆ. ಗಂಜಿಯನ್ನು ಸ್ಟ್ರಾ ಹಾಕಿ ಹೀರುತ್ತಾಳೆ. ಅದೇ ವಾರ ನಿಮ್ಮ ಸಂಘದ ಹೊಸ ಪುಸ್ತಕ, ‘ನಮ್ಮ ಇತಿಹಾಸ, ನಮ್ಮ ಮೌಲ್ಯಗಳು’, ನನ್ನ ಮನೆಗೆ ಬಂತು. ನುಣುಪು ಕಾಗದ, ಒಳ್ಳೆಯ ಬಣ್ಣ. ಒಂಬತ್ತನೇ ಪುಟದಲ್ಲಿ ಶೃತಿ ತನ್ನ ಗಂಡ ಧರ್ಮನ ಪಕ್ಕ ಸೇವಂತಿಗೆ ಹಾರ ಹಾಕಿಕೊಂಡು ನಿಂತಿದ್ದಾಳೆ. ಕೆಳಗೆ ‘ಮರಳಿ ಅರಳಿದ ಸಂಸಾರ’ ಎಂದು ಅಚ್ಚು ಹಾಕಿಸಿದ್ದೀರಿ. ಹಾರ ಹಾಕಿದ ಹದಿನಾರನೇ ದಿನ ದವಡೆ ಮುರಿಯಿತು. ಇದನ್ನು ಮುಂದಿನ ಮುದ್ರಣದಲ್ಲಿ ಸೇರಿಸುತ್ತೀರೋ, ಅಥವಾ ಈ ಮುಖ ಫೋಟೋಗೆ ಚೆನ್ನಾಗಿ ಬರುವುದಿಲ್ಲ ಎಂದು ಬಿಡುತ್ತೀರೋ?

ನಾನು ಕುಂದೂರು ಕಡೆಯ ರೈತ. ವಯಸ್ಸು ಎಪ್ಪತ್ತೆರಡು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಿಮ್ಮ ಪುಸ್ತಕದಲ್ಲಿರುವ ‘ಸಮಗ್ರ’, ‘ಸಬಲೀಕರಣ’, ‘ಸಂವೇದನಾಶೀಲ’ ಎಂಬ ಮಾತುಗಳನ್ನು ಬೆರಳಿಟ್ಟು ಓದಿದೆ. ಎಲ್ಲ ಓದಿ ಮುಗಿಸಿದ ಮೇಲೆ ಒಂದು ತಿಳಿಯಿತು. ನಿಮ್ಮ ಇತಿಹಾಸದಲ್ಲಿ ನಾನೂ ಇದ್ದೇನೆ, ನೀವು ಬಿಟ್ಟುಬಿಟ್ಟ ಭಾಗದಲ್ಲಿ.

ಸಂಘ ಶುರುಮಾಡಿದ ರಾಜಲಕ್ಷ್ಮಮ್ಮನವರಿಗೆ ನೀವು ಒಂದು ಸಾಲು ಕೊಟ್ಟಿದ್ದೀರಿ. ನಿಮ್ಮ ಫೋಟೋ ಹನ್ನೊಂದು ಇವೆ. ಆಕೆ ಹೆರಿಗೆ ಮಾಡಿಸುವ ನರ್ಸು. ಹಾನುಬಾಳು ಕಡೆಯ ಎಸ್ಟೇಟ್ ಕೂಲಿಗಳ ಲೈನುಮನೆಗಳಿಗೆ ನಡೆದೇ ಹೋಗುತ್ತಿದ್ದರು. ಬಸುರಿಯ ಹೊಟ್ಟೆ ನೋಡಲು ಹೋದರೆ ಮೊದಲು ಬೆನ್ನಿನ ಬಾಸುಂಡೆ ಕಾಣುತ್ತಿತ್ತು. ಕೆಲಸದಿಂದ ನಿವೃತ್ತಿಯಾದ ಮೇಲೆ ಬಾಳ್ಳುಪೇಟೆಯಲ್ಲಿ ಒಂದು ಅಂಗಡಿಯ ಜಗಲಿ ಕೇಳಿ ಪಡೆದು, ಮುಚ್ಚಿಹೋದ ಸಾಮಿಲ್ಲಿನಿಂದ ಒಂದು ಹಲಸಿನ ಬೆಂಚು ತಂದು ಹಾಕಿದರು. ಗುರುವಾರ ಗುರುವಾರ ಕೂರುತ್ತಿದ್ದರು. ಬೋರ್ಡು ಇರಲಿಲ್ಲ, ರಸೀದಿ ಪುಸ್ತಕ ಇರಲಿಲ್ಲ. ಜನ ಅದನ್ನು ‘ಬೆಂಚು’ ಎಂದೇ ಕರೆಯುತ್ತಿದ್ದರು. ಬೆಂಚಿಗೆ ಹಾಕಿಸ್ತೀನಿ ಎಂದು ಹೆಂಡತಿ ಹೇಳಿದರೆ ಗಂಡಸಿಗೆ ಠಾಣೆಗಿಂತ ಹೆಚ್ಚು ಭಯವಾಗುತ್ತಿತ್ತು. ಯಾಕೆ ಗೊತ್ತೇ? ಅಲ್ಲಿದ್ದದ್ದು ಒಂದೇ ಕಾನೂನು. ದೂರು ತಂದವರು ಮೊದಲು ಮಾತಾಡಬೇಕು. ಇನ್ನೊಬ್ಬರು ಅದನ್ನು ಕೇಳಿ, ತಮ್ಮ ಬಾಯಲ್ಲೇ ತಿರುಗಿ ಹೇಳಬೇಕು. ದೂರು ತಂದವರು ‘ಹೌದು, ನಾನು ಹೇಳಿದ್ದು ಇದೇ’ ಎನ್ನಬೇಕು. ಅಲ್ಲಿಯವರೆಗೆ ಇನ್ನೊಬ್ಬರಿಗೆ ತಮ್ಮ ಕಡೆಯ ಒಂದು ಮಾತೂ ಆಡುವ ಹಕ್ಕಿಲ್ಲ.

ನಾನು ಆ ಬೆಂಚಿನ ಮೇಲೆ ಕೂತವನು. ಸಲಹೆ ಕೊಡಲು ಅಲ್ಲ, ಹೆಂಡತಿಗೆ ಹೊಡೆದು.

ಮೂವತ್ತು ವರ್ಷದ ಹಿಂದೆ ನನ್ನ ಹೆಂಡತಿ ಜಗದಾಂಬ ಅಲ್ಲಿ ಹೇಳಿದ್ದು ಇಷ್ಟೇ. “ಇವ್ರ ಚಪ್ಪಲಿ ಸದ್ದು ಕೇಳಿದ್ರೆ ನಾನು ಕುಟ್ಟಾಣಿ ತಗೊಂಡೋಗಿ ಸೌದೆ ಹಿಂದೆ ಬಚ್ಚಿಡ್ತೀನಿ.”

“ಈಗ ನೀವು ಹೇಳಿ, ಆಯಮ್ಮ ಏನಂದ್ರು?” ಎಂದರು ರಾಜಲಕ್ಷ್ಮಮ್ಮ.

“ಮನೆಗೆ ಹೋದ್ರೆ ಅಡಿಗೆ ಆಗಿರಲ್ಲ, ಹೊಟ್ಟೆ ಹಸಿದಿರ್ತದೆ...”

“ಅದು ನಿಮ್ಮ ಮಾತು ಕಣ್ರೀ. ನಾನು ಕೇಳಿದ್ದು ಅವರ ಮಾತು. ಎದ್ದು ಹೋಗಿ, ಮುಂದಿನ ಗುರುವಾರ ಬನ್ನಿ.”

ಎರಡನೇ ಗುರುವಾರ, “ಒಂದೆರಡು ಸಲ ಕೈ ಎತ್ತಿದೀನಿ ಅಂತಾಳೆ” ಎಂದೆ. ಜಗದಾಂಬ ಕತ್ತು ಅಲ್ಲಾಡಿಸಿ, “ನಾನು ಹಂಗಂದಿಲ್ಲ” ಎಂದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಸಿಟ್ಟಿಗೆ ಬೆಂಚನ್ನೇ ಒದ್ದೆ. ಕಾಲುಬೆರಳು ಊದಿತು. ರಾಜಲಕ್ಷ್ಮಮ್ಮ ಬಗ್ಗಿ ಅದಕ್ಕೆ ಮುಲಾಮು ಹಚ್ಚುತ್ತಾ, “ಬೆಂಚಿಗಾದ್ರೆ ನೋವಾಗಲ್ಲ, ಪರವಾಗಿಲ್ಲ ಬಿಡಿ” ಎಂದರು. ಮೂರನೇ ಗುರುವಾರ ಕುಟ್ಟಾಣಿ ಎಂಬ ಪದವನ್ನು ನನ್ನ ನಾಲಿಗೆಯಿಂದ ಹೇಳಿದೆ. ಯಾರ ಚಪ್ಪಲಿ, ಯಾರ ಕೈಗೆ ಸಿಗಬಾರದು ಎಂದು ಬಚ್ಚಿಡುತ್ತಾಳೆ, ಎಲ್ಲ ಹೇಳಿದೆ. ಆಗ ಜಗದಾಂಬ “ಹೌದು” ಎಂದಳು. ಆಮೇಲೆ ನನ್ನ ಸರದಿ ಬಂತು. ಹೊಟ್ಟೆ ಹಸಿವಿನ ಮಾತು ಬಿಟ್ಟು ಎದ್ದು ನಿಂತೆ. ಅಧ್ಯಕ್ಷರೇ, ನಿಮ್ಮ ಸಂಘದ ಇತಿಹಾಸ ಇದು, ಮೌಲ್ಯವೂ ಇದೇ. ಬೇರೆ ಇದ್ದರೆ ತೋರಿಸಿ.

ಈಗ ಆ ಬೆಂಚು ಎಲ್ಲಿದೆ? ನಿಮ್ಮ ಹೊಸ ಕಟ್ಟಡದ ಬಾಗಿಲಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ವಾರ್ನಿಶ್ ಬಳಿಸಿದ್ದೀರಿ. ಎದುರಿಗೆ ‘ಪಾರಂಪರಿಕ ವಸ್ತು, ಕೂರಬಾರದು’ ಎಂದು ಬೋರ್ಡು. ಇದಕ್ಕಿಂತ ನಿಜವಾದ ಬೋರ್ಡನ್ನು ನೀವು ಜನ್ಮದಲ್ಲಿ ಬರೆಸಿರಲಿಕ್ಕಿಲ್ಲ.

ಶೃತಿಯನ್ನು ನಿಮ್ಮಲ್ಲಿಗೆ ಕಳಿಸಿದವನು ನಾನೇ. ಅವಳ ತಾಯಿ ಕೆಂಚಮ್ಮ ನಮ್ಮ ತೋಟದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವಳು. ಅವಳು ಠಾಣೆಗೆ ಹೋಗುತ್ತೇನೆ ಎಂದಾಗ, “ಬೇಡ ಕಣೇ, ಬೆಂಚಿಗೆ ಕರ್ಕೊಂಡ್ ಹೋಗು, ಅಲ್ಲಿ ಕೇಳ್ತಾರೆ” ಎಂದು ದೊಡ್ಡ ಮನುಷ್ಯನಂತೆ ಹೇಳಿದೆ. ಒಮ್ಮೆ ನಾನೇ ಹೋಗಿ ನೋಡಿ ಬರದೆ ಹೇಳಿದೆ. ಆ ಪಾಪ ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ನಿಮ್ಮದು ಬೇರೆಯೇ ಇದೆ.

ಕೆಂಚಮ್ಮ ಮಗಳ ಪಕ್ಕದಲ್ಲೇ ಕೂತಿದ್ದಳು. ನಡೆದದ್ದನ್ನು ಅವಳು ಹೇಳಿದಂತೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ. ನೀವು ಗಡಿಯಾರ ನೋಡಿಕೊಂಡು, “ಏನಮ್ಮ ತೊಂದರೆ, ಬೇಗ ಹೇಳು” ಎಂದಿರಿ. ಶೃತಿ, “ಟಿ.ವಿ. ಸೌಂಡ್ ಜೋರು ಮಾಡ್ತಾನೆ ಸಾರ್” ಎಂದಳು. ನೀವು ನಕ್ಕಿರಿ. “ಅಯ್ಯೋ, ಟಿ.ವಿ. ಜಗಳ ನಮ್ಮ ಮನೇಲೂ ಇದೆ ಕಣಮ್ಮ” ಎಂದಿರಿ. ಧರ್ಮನೂ ನಕ್ಕ. ನಿಮ್ಮ ಪೆನ್ನು ಆಗಲೇ ಓಡುತ್ತಿತ್ತು. “ನನ್ನ ಸದ್ದು ಆಚೆ ಕೇಳ್ಬಾರ್ದು ಅಂತ ಸಾರ್, ಅದಕ್ಕೆ ಮೊದ್ಲು ಅದನ್ನ ಜೋರು ಮಾಡ್ತಾನೆ” ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ನೀವು ಬರೆದು ಮುಗಿಸಿದ್ದಿರಿ. ಆ ಕಾಗದದ ನಕಲು ನನ್ನ ಮುಂದಿದೆ. ‘ಕಲಹಕ್ಕೆ ಕಾರಣ: ದೂರದರ್ಶನ ವೀಕ್ಷಣೆ. ಪರಿಹಾರ: ಪತ್ನಿಗೆ ದಿನಕ್ಕೆ ಒಂದು ಗಂಟೆ ಧಾರಾವಾಹಿ ನೋಡಲು ಪತಿಯ ಸಮ್ಮತಿ. ಫಲಿತಾಂಶ: ಸಂಪೂರ್ಣ ರಾಜಿ.’

ಧಾರಾವಾಹಿ. ಆ ಪದ ಬರೆಯುವಾಗ ನಿಮ್ಮ ಕೈ ಒಂದು ಸಲವೂ ನಿಲ್ಲಲಿಲ್ಲವೇ? ಧರ್ಮನನ್ನು ಹಳೆಯ ಬೆಂಚಿನ ಮೇಲೆ ಕೂರಿಸಿ, ‘ಅವಳು ಏನಂದಳು, ನೀನೇ ಹೇಳು’ ಎಂದು ಒಂದೇ ಒಂದು ಸಲ ಕೇಳಿದ್ದರೆ, ಟಿ.ವಿ. ಯಾಕೆ ಜೋರು ಮಾಡುತ್ತಾನೆ ಎಂಬುದು ಅವನ ಬಾಯಿಂದಲೇ ಬರಬೇಕಿತ್ತು. ಹೇಳಲಾರದೆ ಎದ್ದು ಓಡಿದ್ದರೂ ಚಿಂತೆಯಿರಲಿಲ್ಲ, ಹುಡುಗಿ ತಾಯಿ ಮನೆಯಲ್ಲಿ ಉಳಿಯುತ್ತಿದ್ದಳು. ಆದರೆ ಅದಕ್ಕೆ ಮೂರು ಗುರುವಾರ ಬೇಕು. ನಿಮಗೆ ಶನಿವಾರದ ವಾರ್ಷಿಕೋತ್ಸವಕ್ಕೆ ವೇದಿಕೆ ತುಂಬುವಷ್ಟು ಜೋಡಿಗಳು ಬೇಕಿತ್ತು.

ಮುಂದಿನದನ್ನು ಧರ್ಮ ಇರುವ ಎಸ್ಟೇಟ್ ಲೈನಿನ ಜನ ಹೇಳುತ್ತಾರೆ. ಆ ಹದಿನಾರನೇ ದಿನ, ಭಾನುವಾರ ಮಟಮಟ ಮಧ್ಯಾಹ್ನ ಧರ್ಮನ ಮನೆಯ ಟಿ.ವಿ. ಜೋರಾಯಿತು. ಪಕ್ಕದ ಮನೆಯವರು, ಪಾಪ, ರಾಜಿ ಆಗಿದೆಯಲ್ಲ, ಹುಡುಗಿ ಧಾರಾವಾಹಿ ನೋಡುತ್ತಿದ್ದಾಳೆ ಎಂದುಕೊಂಡರಂತೆ. ನಿಮ್ಮ ರಾಜಿಯ ಷರತ್ತು ಅಷ್ಟು ದೂರ ಹಬ್ಬಿತ್ತು, ಅಭಿನಂದನೆಗಳು.

ಇದನ್ನೆಲ್ಲ ಕೇಳಿ ನೀವು ತಲೆ ತಗ್ಗಿಸಿ ಕೂತಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನೀವು ಕೆಂಚಮ್ಮನ ಮನೆಗೆ ನೋಟೀಸು ಕಳಿಸಿದಿರಿ. ಶೃತಿ ಬರುವ ಗುರುವಾರ ಹನ್ನೊಂದು ಗಂಟೆಗೆ ‘ಪತಿಯೊಂದಿಗೆ ಹಾಜರಾಗಿ ಮಾತುಕತೆಗೆ ಸಹಕರಿಸತಕ್ಕದ್ದು’, ಇಲ್ಲವಾದರೆ ಅವಳು ರಾಜಿಗೆ ಒಪ್ಪಲಿಲ್ಲ ಎಂದು ಠಾಣೆಗೆ ಬರೆಯುತ್ತೀರಂತೆ. ಹಲ್ಲಿಗೆ ತಂತಿ ಬಿಗಿಸಿಕೊಂಡವಳಿಗೆ ಮಾತುಕತೆ. ಪೊಲೀಸರು ಹಿಡಿದಿದ್ದ ಧರ್ಮ ಜಾಮೀನಿನ ಮೇಲೆ ಬಂದು ಬಸ್ ನಿಲ್ದಾಣದಲ್ಲಿ, “ಗುರುವಾರ ಕರ್ಕೊಂಡ್ ಬತ್ತೀನಿ, ಅಧ್ಯಕ್ಷರು ನಮ್ ಕಡೆ ಅವ್ರೆ” ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಅವನು ಸುಳ್ಳು ಹೇಳುತ್ತಿದ್ದಾನೆಯೇ? ಒಂಬತ್ತನೇ ಪುಟ ನೋಡಿದರೆ ಹಾಗೆ ಕಾಣುವುದಿಲ್ಲ. ನೋಟೀಸು ನೋಡಿದ ದಿನದಿಂದ ಶೃತಿ ಆ ಗಂಜಿಯನ್ನೂ ದೂರ ತಳ್ಳುತ್ತಿದ್ದಾಳೆ.

ಈ ಪತ್ರ ಬರೆಯುತ್ತಿದ್ದಾಗ ಜಗದಾಂಬ ಬಂದು ಕೇಳಿದಳು. “ಕುಟ್ಟಾಣಿ ವಿಷ್ಯಾನೂ ಬರ್ದಿದೀರೋ, ಬರೀ ಅಧ್ಯಕ್ಷರದ್ದೋ?” ಬರೆದಿದ್ದೇನೆ ಎಂದೆ. “ಹಂಗಾದ್ರೆ ಪೂರ್ತಿ ಬರೀರಿ” ಎಂದಳು. ಪೂರ್ತಿ ಬರೆಯುತ್ತೇನೆ. ಮೂವತ್ತು ವರ್ಷದಿಂದ ನಾನು ಕೈ ಎತ್ತಿಲ್ಲ. ಅಡುಗೆಗೆ ಗ್ಯಾಸ್ ಬಂದಿದೆ, ಸೌದೆ ಈಗ ಸ್ನಾನದ ಒಲೆಗೆ ಮಾತ್ರ. ಕುಟ್ಟಾಣಿ ಇವತ್ತಿಗೂ ಆ ಸೌದೆಯ ಹಿಂದೆಯೇ ಇದೆ. ಏಲಕ್ಕಿ ಕುಟ್ಟಬೇಕಾದಾಗ ಹೋಗಿ ತರುತ್ತಾಳೆ, ಕುಟ್ಟಿ ಮತ್ತೆ ಅಲ್ಲೇ ಇಟ್ಟು ಬರುತ್ತಾಳೆ. ಯಾಕೆ ಎಂದರೆ, “ರೂಢಿ ಆಗ್ಬುಟ್ಟೈತೆ” ಎನ್ನುತ್ತಾಳೆ. ಕೇಳಿಸಿಕೊಂಡ ಮನೆಯ ಕಥೆ ಇದು, ಅಧ್ಯಕ್ಷರೇ. ನೀವು ಕೇಳಿಸಿಕೊಳ್ಳದ ಮನೆಗಳಿಗೆ ಹಾರ ಹಾಕುತ್ತಾ ಬಂದಿದ್ದೀರಿ.

ನನ್ನ ಬೇಡಿಕೆ ಇದು. ಆ ನೋಟೀಸನ್ನು ಇವತ್ತೇ ವಾಪಸ್ ತೆಗೆದುಕೊಳ್ಳಿ. ಧರ್ಮ ಗುರುವಾರ ಬಾಗಿಲಿಗೂ ಬರಕೂಡದು. ಗಾಜಿನ ಪೆಟ್ಟಿಗೆ ತೆಗೆಸಿ ಬೆಂಚನ್ನು ರಸ್ತೆ ಬದಿಯ ಜಗಲಿಗೆ ಹಾಕಿಸಿ, ಅದರ ಮೇಲೆ ನೀವು ಕೂತುಕೊಳ್ಳಿ. ಶೃತಿ ಬರಲು ಮನಸ್ಸು ಮಾಡಿದರೆ ನಾನೂ ಕೆಂಚಮ್ಮನೂ ಕರೆತರುತ್ತೇವೆ. ಅವಳು ಹೇಳಬೇಕಾದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಕೊಡುತ್ತಾಳೆ. ನೀವು ಓದಿ, ಪುಸ್ತಕ ಮುಚ್ಚಿ, ಅವಳು ಏನಂದಳು ಎಂದು ಬಸ್ಸಿಗೆ ಕಾಯುವ ಜನಕ್ಕೆ ಕೇಳುವಂತೆ ಹೇಳಬೇಕು. ಅವಳು ಕತ್ತು ಆಡಿಸಿ ಹೌದು ಎನ್ನುವವರೆಗೆ ನೀವು ಏಳುವಂತಿಲ್ಲ, ನಿಮ್ಮ ಕಡೆಯ ಒಂದು ಮಾತೂ ಆಡುವಂತಿಲ್ಲ. ಒಂದು ಗುರುವಾರಕ್ಕೆ ಆಗದಿದ್ದರೆ ಮುಂದಿನದು ಇದೆ. ಸಿಟ್ಟು ಬಂದರೆ ಬೆಂಚನ್ನು ಒದೆಯಬಹುದು, ಅದಕ್ಕೆ ಅಭ್ಯಾಸವಿದೆ.

ಇಂತಿ,
ಹೆಂಡತಿಯ ಒಂದು ಮಾತು ತಿರುಗಿ ಹೇಳಲು ಮೂರು ಗುರುವಾರ ತೆಗೆದುಕೊಂಡವನು, ಕುಟ್ಟಾಣಿಯನ್ನು ಈಚೆ ತಂದಿಡು ಎಂದು ಕೇಳುವ ಮುಖ ಇನ್ನೂ ಇಲ್ಲದವನು,
ಶಾಂತಮಲ್ಲಪ್ಪ
ಕುಂದೂರು ಹೋಬಳಿ, ಆಲೂರು ತಾಲ್ಲೂಕು