ಏಳು ಕುರಿಗೆ ಇಪ್ಪತ್ತೇಳು ಕಾಲು

ಶಾಲೆಗಳ ತಪಾಸಣೆ ನಡೆಸುವ ಮಾನ್ಯ ಸಾಹೇಬರೇ,

ಹೋದ ಜನವರಿಯಲ್ಲಿ ನೀವು ನಮ್ಮ ಶಾಲೆಗೆ ಬಂದು, ತಪಾಸಣೆಯ ಅಭಿಪ್ರಾಯ ಬರೆಯುವ ಶೇರಾ ಪುಸ್ತಕದಲ್ಲಿ ಮೂರು ಸಾಲು ಬರೆದು ಹೋದಿರಿ. ಆ ಮೂರು ಸಾಲಿನಿಂದ ಒಬ್ಬ ಒಳ್ಳೆಯ ಮಾಸ್ತರರು ಊರು ಬಿಟ್ಟರು, ಹತ್ತು ವರ್ಷದ ನನ್ನ ಮಗಳು ಶಾಲೆ ಬಿಟ್ಟಳು. ಈಗ ಅದೇ ನಿಮ್ಮ ಕಚೇರಿಯಿಂದ ಸುತ್ತೋಲೆಯೊಂದು ಬಂದಿದೆ. ಪಾಠಗಳು ಆನಂದದಾಯಕವಾಗಿರಬೇಕಂತೆ. ಮಕ್ಕಳ ಸ್ವಂತ ಕಲ್ಪನೆಗೆ ಎಡೆ ಕೊಡಬೇಕಂತೆ. ಎಷ್ಟು ಮಕ್ಕಳಿಗೆ ಎಷ್ಟು ಆನಂದವಾಯಿತೆಂಬ ತಖ್ತೆಯನ್ನು ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ಎರಡು ಪ್ರತಿಗಳಲ್ಲಿ ಕಳಿಸಬೇಕಂತೆ. ಸಾಹೇಬರೇ, ನಮ್ಮ ಶಾಲೆಯಲ್ಲಿ ಆನಂದ ಇತ್ತು. ಅದನ್ನು ನೀವೇ ವರ್ಗ ಮಾಡಿ ಮುಂಡರಗಿಯ ಆಚೆ ಕಳಿಸಿದ್ದೀರಿ. ತಖ್ತೆಯನ್ನು ಅಲ್ಲಿಂದಲೇ ತರಿಸಿಕೊಳ್ಳಬಹುದು.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ಅಂದು ನಿಮಗೆ ಹಾರ ಹಾಕಿದ ಐವರು ಶಾಲಾ ಪಂಚರಲ್ಲಿ ನಾನೂ ಒಬ್ಬ. ಬೆಳ್ಳಟ್ಟಿಯಿಂದ ಎರಡು ಹರದಾರಿ ಒಳಗಿರುವ ಸಣ್ಣ ಊರಿನ ಒಕ್ಕಲಿಗ. ಸಂಸ್ಥಾನದ ಕಾಲದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನು, ಅಂದರೆ ಏಳು ವರ್ಷ ಪೆಟ್ಟು ತಿಂದವನು. ಇವತ್ತಿಗೂ ಯಾರಾದರೂ ಹದಿಮೂರರ ಮಗ್ಗಿ ಅಂದರೆ ನನ್ನ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ. ಕಲಿಯುವುದೆಂದರೆ ಇದೇ ಎಂದು ನಾನು ನಂಬಿದ್ದೆ.

ದತ್ತಾತ್ರಿ ಮಾಸ್ತರರು ಗದಗಿನವರು. ನಾಲ್ಕು ವರ್ಷದ ಹಿಂದೆ ಬಂದಾಗ, ಇಷ್ಟು ತೆಳ್ಳಗಿನ ಮನುಷ್ಯ ನಮ್ಮ ಹುಡುಗರ ಕೈಯಲ್ಲಿ ಉಳಿದಾರೆಯೇ ಎಂದು ನಾವು ನಕ್ಕಿದ್ದೆವು. ಬಂದ ತಿಂಗಳಿಗೇ ಅವರು ಶಾಲೆಯ ಮಣ್ಣಿನ ಗೋಡೆಯ ಮೇಲೆ ಗೆರೆ ಎಳೆದು, ಮಗುವಿಗೊಂದು ತುಂಡು ಪಾಲು ಹಾಕಿ ಕೊಟ್ಟುಬಿಟ್ಟರು. ಕೆಮ್ಮಣ್ಣು, ಇದ್ದಲಿ, ಅರಿಷಿಣ ಇವೇ ಬಣ್ಣ. ಶಾಲೆಗೆ ಬರುವ ಹಾದಿಯಲ್ಲಿ ಕಂಡದ್ದನ್ನು ಮಕ್ಕಳು ಅಲ್ಲಿ ಬಿಡಿಸಬೇಕು, ಬಿಡಿಸಿದ್ದರಿಂದಲೇ ಲೆಕ್ಕ, ಭೂಗೋಳ, ಓದು ಎಲ್ಲ. ಕಪ್ಪತಗುಡ್ಡದ ಕಡೆಯಿಂದ ಇಳಿಯುವ ನಮ್ಮ ಹಳ್ಳ ಎಲ್ಲೆಲ್ಲಿ ಸುತ್ತಿ ತುಂಗಭದ್ರೆ ಸೇರುತ್ತದೆಂದು ನನಗೆ ಗೊತ್ತಾದದ್ದು ನಾಲ್ವತ್ತನೆಯ ವಯಸ್ಸಿನಲ್ಲಿ, ಆ ಗೋಡೆ ನೋಡಿ.

ನನ್ನ ಮಗಳು ಸಾವಂತ್ರೆವ್ವ ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದವಳು. ತನ್ನ ಪಾಲಿನ ತುಂಡಿನಲ್ಲಿ ಅವಳು ನೆರೆಮನೆಯ ಅಮೀನಬಿಯ ಏಳು ಕುರಿಗಳನ್ನು ಬಿಡಿಸಿ, ಕೆಳಗೆ ಕಾಲು ಇಪ್ಪತ್ತೇಳು ಎಂದು ಲೆಕ್ಕ ಬರೆದಿದ್ದಳು. ನೋಡಿದ ನಾನು ಗದರಿಸಿದೆ. ಮಾಸ್ತರರು ನನ್ನನ್ನು ತಡೆದು, ಯಾಕೆ ಎಂದು ಅವಳನ್ನೇ ಕೇಳಿದರು.

"ಒಂದ ಕುರಿಗಿ ತ್ವಾಳ ಬಾಯಿ ಹಾಕಿತ್ತಲ್ರಿ, ಅದಕ್ಕ ಮೂರ ಕಾಲ ಅದಾವ್ರಿ," ಅಂದಳು.

ಮಾಸ್ತರರು ಜೋರಾಗಿ ನಕ್ಕು ಲೆಕ್ಕದ ಪಕ್ಕ "ಬರೋಬರಿ" ಎಂದು ದೊಡ್ಡದಾಗಿ ಬರೆದರು. "ಅಂದಾನಪ್ಪನವರ, ಇಪ್ಪತ್ತೆಂಟು ಅಂತ ಪುಸ್ತಕ ಓದಿದವರು ಯಾರರೆ ಹೇಳತಾರ್ರಿ. ನಿಮ್ಮ ಮಗಳು ಕಣ್ಣಿಟ್ಟು ನೋಡಿ ಎಣಿಸ್ಯಾಳ," ಅಂದರು. ಆ ದಿನ ಅವಳು ಶಾಲೆಯಿಂದ ಮನೆಗೆ ಓಡುತ್ತ ಬಂದಳು. ಶಾಲೆಯಿಂದ ನಾನೂ ಎಷ್ಟೋ ಸಲ ಓಡಿ ಬಂದಿದ್ದೇನೆ, ಆದರೆ ಕಾರಣ ಬೇರೆ.

ಇನ್ನು ನಮ್ಮ ತಪ್ಪು. ಅದನ್ನೂ ಬರೆಯಲೇಬೇಕು. ಹೋದ ನವೆಂಬರಿನಲ್ಲಿ ಕನ್ನಡ ನಾಡು ಒಂದಾಯಿತು. ಸಂಸ್ಥಾನದಲ್ಲಿದ್ದಾಗ ತಪಾಸಣೆಯವರು ಮರಾಠಿಯಲ್ಲಿ ಬೈಯುತ್ತಿದ್ದರು, ನಾವು ಅರ್ಥವಾಗದೆ ಕೈಮುಗಿಯುತ್ತಿದ್ದೆವು. ಈಗ ನಮ್ಮವರೇ ಬರುತ್ತಾರೆ, ಕನ್ನಡದ ಸಾಹೇಬರು ಬರುತ್ತಾರೆ ಎಂದಾಗ ಊರಿಗೆ ಊರೇ ಹಿಗ್ಗಿತು. ನಮ್ಮ ಕಡೆ ಬೀಗರು ಕನ್ಯೆ ನೋಡಲು ಬರಲಿ, ದೊಡ್ಡವರು ಯಾರೇ ಬರಲಿ, ಮೊದಲು ಮಾಡುವ ಕೆಲಸ ನೆಲ ಸಾರಿಸಿ ಗೋಡೆಗೆ ಸುಣ್ಣ ಬಳಿಯುವುದು. ನೀವು ಬರುವ ಹಿಂದಿನ ರವಿವಾರ ನಾವು ಐವರೂ ಸೇರಿ ಶಾಲೆಗೆ ಸುಣ್ಣ ಬಳಿದೆವು. ಮಾಸ್ತರರು ಗದಗಿಗೆ ಹೋಗಿದ್ದರು. ಅವರನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಮಗಳ ಕುರಿಗಳ ಮೇಲೆ ಕುಂಚ ಆಡಿಸಿದವನು ನಾನೇ. ಕೆಮ್ಮಣ್ಣು ಮತ್ತೆ ಮತ್ತೆ ಎದ್ದು ಕಾಣುತ್ತಿತ್ತೆಂದು ಮೂರು ಸಲ ಬಳಿದೆ. ಸೋಮವಾರ ಮಾಸ್ತರರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಇರಲಿ ಬಿಡ್ರಿ, ಸ್ವಚ್ಛ ಆತು," ಅಂದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ನೀವು ಬಂದಿರಿ. ಗೋಡೆ ನೋಡಿ ಮೆಚ್ಚಿದಿರಿ. ವರ್ಗದಲ್ಲಿ ಜಾಣರು ಯಾರೆಂದು ಕೇಳಿದಿರಿ, ಮಾಸ್ತರರು ಸಾವಂತ್ರೆವ್ವನನ್ನು ಎಬ್ಬಿಸಿದರು. "ಬರುವಾಗ ನಿಮ್ಮೂರಿನ ಏಳು ಕುರಿಗಳು ನನ್ನ ಜೀಪಿಗೆ ಅಡ್ಡ ಬಂದವು. ಅವುಗಳ ಕಾಲು ಒಟ್ಟು ಎಷ್ಟು?" ಎಂದಿರಿ. ಏಳರ ಹಿಂಡು ನಮ್ಮೂರಲ್ಲಿ ಇರುವುದು ಒಂದೇ, ಅಮೀನಬಿಯದು.

"ಇಪ್ಪತ್ತೇಳ್ರಿ."

"ತಪ್ಪು. ಮತ್ತೊಮ್ಮೆ ಹೇಳು."

"ಇಪ್ಪತ್ತೇಳ್ರಿ ಸಾಹೇಬರ. ನೀವು ನೋಡಲಿಲ್ಲೇನ್ರಿ?"

ಅವಳು ಕೇಳಿದ್ದು ಅಷ್ಟೇ. ಸೊಕ್ಕಿನಿಂದ ಅಲ್ಲ, ಕಣ್ಣೆದುರೇ ಹಾದುಹೋದದ್ದನ್ನು ದೊಡ್ಡ ಮನುಷ್ಯರು ಕಾಣದೆ ಹೋದರೆಂದು ಅವಳಿಗೆ ನಂಬಿಕೆ ಬರಲಿಲ್ಲ. ಮಾಸ್ತರರು ತೋರಿಸಲೆಂದು ಗೋಡೆಯ ಕಡೆ ಕೈ ಎತ್ತಿದರು. ಅಲ್ಲಿ ಏನಿತ್ತು? ನಾನು ಬಳಿದ ಸುಣ್ಣ ಇತ್ತು. ಅವರು ಬಾಯಿ ತೆರೆಯುವಷ್ಟರಲ್ಲಿ ನೀವು "ಸಾಕು" ಎಂದಿರಿ. ನಾನು ತೆಂಗಿನಕಾಯಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. "ಹುಡುಗಿ ಹೇಳೂದು ಖರೆ ಐತ್ರಿ" ಎಂಬ ನಾಲ್ಕು ಶಬ್ದ ಸಾಕಿತ್ತು. ನನ್ನ ನಾಲಿಗೆ ಏಳಲಿಲ್ಲ.

ನೀವು ಬರೆದದ್ದು ನನಗೆ ಬಾಯಿಪಾಠವಾಗಿದೆ. ಗೋಡೆಗಳು ಸ್ವಚ್ಛವಾಗಿವೆ. ಗಣಿತ ತೀರ ಕಚ್ಚಾ. ವಿದ್ಯಾರ್ಥಿನಿಯೊಬ್ಬಳು ಅಧಿಕಾರಿಗಳಿಗೇ ಎದುರು ಪ್ರಶ್ನೆ ಹಾಕುತ್ತಾಳೆ, ಶಿಕ್ಷಕರು ಶಿಸ್ತು ಕಲಿಸಿಲ್ಲ. ಇಡೀ ಶಾಲೆಯಲ್ಲಿ ನಿಮ್ಮ ಮೆಚ್ಚುಗೆ ಸಿಕ್ಕಿದ್ದು ಸುಣ್ಣಕ್ಕೆ ಮಾತ್ರ. ಫೆಬ್ರುವರಿಯಲ್ಲಿ ಮಾಸ್ತರರಿಗೆ ವರ್ಗದ ಹುಕುಂ ಬಂತು. ಹೊಸದಾಗಿ ಬಂದ ಮಾಸ್ತರರು ಕೆಟ್ಟವರಲ್ಲ, ಹೆದರಿದವರು. ಆ ಶೇರಾ ಓದಿದ ಯಾರು ತಾನೇ ಹೆದರುವುದಿಲ್ಲ? ಮಕ್ಕಳಿಗೆ ಬುದ್ಧಿ ಬರಲೆಂದು ಮೊದಲ ದಿನವೇ ಮೂರೂ ಸಾಲು ಗಟ್ಟಿಯಾಗಿ ಓದಿ ಹೇಳಿದರು. ಅಂದಿನಿಂದ ಮಕ್ಕಳು ಬಿಳಿಯ ಗೋಡೆಗೆ ಮುಖ ಮಾಡಿ ಮಗ್ಗಿ ಒದರುತ್ತಾರೆ. ಮೂಲೆಯಲ್ಲಿ ಬೆತ್ತವೂ ಇದೆ.

ಆ ಮೂರು ಸಾಲು ಓದಿ ಹೇಳಿದ ದಿನ ಸಾವಂತ್ರೆವ್ವ ಮನೆಗೆ ಬಂದು, "ಅಪ್ಪಾ, ನನ್ನ ಸಂಬಂಧ ಮಾಸ್ತರ ಹ್ವಾದ್ರು," ಅಂದಳು. ಮರುದಿನದಿಂದ ಶಾಲೆಗೆ ಹೋಗಿಲ್ಲ.

"ಇಲ್ಲವ್ವಾ, ಸುಣ್ಣಾ ಬಳದಾವ ನಾನು, ಬಾಯಿ ಮುಚಗೊಂಡು ನಿಂತಾವನೂ ನಾನು. ನಿಂದೇನ ತಪ್ಪೈತಿ?" ಅಂದೆ.

"ಬುಕ್ಕಿನ್ಯಾಗ ನಿನ್ನ ಬಗ್ಗಿ ಏನೂ ಬರದಿಲ್ಲಲ್ಲ. ನನ್ನ ಬಗ್ಗಿ ಬರದಾರ," ಅಂದಳು.

ಸಾಹೇಬರೇ, ಬರೆದದ್ದೆಲ್ಲ ಸತ್ಯವೆಂದು ಆ ಮಗು ನಂಬಿದೆ. ಹಾಗೆ ನಂಬಬೇಕೆಂದು ತಾನೇ ನಾವು ಅವಳಿಗೆ ಅಕ್ಷರ ಕಲಿಸಿದ್ದು? ಆನಂದ ಬೇಕೆಂದು ನಿಮ್ಮ ಸುತ್ತೋಲೆ ಕೇಳುತ್ತದೆ. ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೇಳುವವರು ಒಬ್ಬರಿದ್ದಾರೆ ಎಂಬ ಧೈರ್ಯ ಬಿಟ್ಟು ಮಕ್ಕಳಿಗೆ ಬೇರೆ ಆನಂದ ಯಾವುದಿದೆ? ದತ್ತಾತ್ರಿ ಮಾಸ್ತರರು ಕೊಟ್ಟದ್ದು ಅದನ್ನೇ. ಅವರು ಯಾವ ಸುತ್ತೋಲೆಗೂ ಕಾಯಲಿಲ್ಲ.

ಹೋದ ಸೋಮವಾರ ಅಮೀನಬಿ ಆ ಕುಂಟು ಕುರಿಯನ್ನು ಎತ್ತಿಕೊಂಡು ನಮ್ಮ ಕಟ್ಟೆಗೆ ಬಂದಳು. ಮುದುಕಿ. ಕುರಿಯನ್ನು ಮಗಳ ಮುಂದೆ ನಿಲ್ಲಿಸಿ, "ನೋಡವ್ವಾ, ನೀ ಹೇಳಿದ್ದ ಖರೆ ಐತಿ. ಈಗೊಮ್ಮೆ ಎಣಿಸಿ ಹೇಳ ನೋಡೂಣು, ನನ್ನ ಕುರಿಗೋಳ ಕಾಲ ಎಷ್ಟ?" ಎಂದು ಕೇಳಿದಳು.

ನನ್ನ ಮಗಳು ಕುರಿಯ ಕಡೆ ನೋಡಲಿಲ್ಲ. "ಇಪ್ಪತ್ತೆಂಟು," ಅಂದಳು.

ಅಮೀನಬಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದು ಹೋದಳು. ನಾನು ಒಳಗೆ ಹೋಗಿ ಅತ್ತೆ. ಆಮೇಲೆ ಈ ಪತ್ರ ಬರೆಯಲು ಕುಳಿತೆ. ಗದಗಿನ ಪತ್ರಿಕೆಗೆ ಕಳಿಸುತ್ತಿದ್ದೇನೆ, ಏಕೆಂದರೆ ನಿಮ್ಮ ಕಚೇರಿಗೆ ಕಳಿಸಿದ ಎರಡು ಅರ್ಜಿಗಳಿಗೆ ಉತ್ತರ ಬಂದಿಲ್ಲ.

ಜೂನಿನಲ್ಲಿ ಶಾಲೆ ತೆರೆಯುತ್ತದೆ. ದತ್ತಾತ್ರಿ ಮಾಸ್ತರರನ್ನು ಅಷ್ಟರೊಳಗೆ ನಮ್ಮೂರಿಗೆ ಮರಳಿ ಕಳಿಸಿರಿ. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ಕಾಲಾವಕಾಶ ಬೇಕು ಎನ್ನುತ್ತೀರಾದರೆ, ಯಾರ ಒಪ್ಪಿಗೆಯೂ ಬೇಡದ ಇನ್ನೊಂದು ಕೆಲಸವಿದೆ. ನೀವೇ ಬನ್ನಿರಿ. ಈ ಸಲ ಹಾರ, ಕಾಯಿ ಏನೂ ಇರುವುದಿಲ್ಲ. ಅದೇ ಶೇರಾ ಪುಸ್ತಕ ತೆರೆದು, ಅದೇ ಪುಟದಲ್ಲಿ, ನಿಮ್ಮ ಕೈಯಿಂದಲೇ ಒಂದು ಸಾಲು ಬರೆಯಿರಿ: ಹುಡುಗಿಯ ಉತ್ತರ ಸರಿ ಇತ್ತು, ನಾನು ನೋಡಿರಲಿಲ್ಲ. ಕೆಳಗೆ ಸಹಿ ಹಾಕಿ ಪುಸ್ತಕವನ್ನು ಅವಳ ಕೈಗೆ ಕೊಡಿರಿ. ಓದಿ ಹೇಳುವ ತೊಂದರೆ ತೆಗೆದುಕೊಳ್ಳಬೇಡಿ, ಅವಳೇ ಓದಿಕೊಳ್ಳುತ್ತಾಳೆ. ದತ್ತಾತ್ರಿ ಮಾಸ್ತರರು ಕಲಿಸಿದ್ದಾರೆ.

ಇಂತಿ,
ಮಾತಾಡಬೇಕಾದಾಗ ತಟ್ಟೆ ಹಿಡಿದು ನಿಂತಿದ್ದ ಒಬ್ಬ ಶಾಲಾ ಪಂಚ,
ಅಂದಾನಪ್ಪ
ಶಿರಹಟ್ಟಿ ತಾಲೂಕು, ಮೇ ೧೯೫೭