ಲಿಂಗು ಕಳಿಸಿದ ಮೂರು ಸಾಲು

ಜನವರಿ 9, ಗುರುವಾರ

ಇವತ್ತು ಇನ್ನೂ ಆರು ಜನರದು ಬಂತು. ಬಿ.ಎಸ್ಸಿ. ಬ್ಯಾಚಿನ ಮೂವತ್ತು ವರ್ಷದ ಸಂಚಿಕೆ. ಎಲ್ಲರೂ ತಮ್ಮ ಬಗ್ಗೆ ಬರೆದು ಕಳಿಸಬೇಕು — ಕೆಲಸ, ಸಮಾಜಸೇವೆ, ಹವ್ಯಾಸ. ಸಂಪಾದಕಿ ನಾನು. “ಬ್ಯಾಂಕ್ ಬಿಟ್ಟಾಯ್ತಲ್ಲ, ಇನ್ನೇನ್ ಕೆಲ್ಸ ನಿಂಗೆ?” ಎಂದು ಸಂಗಮೇಶ ನನ್ನ ತಲೆಗೆ ಕಟ್ಟಿದ.

ಅವನದೇ ಒಂದು ಪುಟ. ವೈಸ್ ಪ್ರೆಸಿಡೆಂಟ್, ಮ್ಯಾರಥಾನ್, ಭಾನುವಾರ ಬೇಗೂರು ಕೆರೆ ದಂಡೆಯಲ್ಲಿ ಕಸ ಆಯುವುದು. ಫೋಟೋ ಬೇರೆ. ಗ್ಲೌಸಿನ ಮೇಲೆ ಒಂದು ಚುಕ್ಕೆ ಕೆಸರಿಲ್ಲ! ಗಿರಿಜಾ ಪ್ರಿನ್ಸಿಪಾಲ್ ಆಗಿದ್ದಾಳೆ, ಈಗ ವೀಣೆ ಕಲಿಯುತ್ತಿದ್ದಾಳಂತೆ. ಅಕ್ಕಪಕ್ಕದ ಮನೆಯವರ ಗತಿ ಬರೆದಿಲ್ಲ.

ಮಗಳು ತನ್ಮಯಿ ಬಸುರಿ, ಒಂಬತ್ತನೇ ತಿಂಗಳು. ಹುಟ್ಟುವ ಮಗುವಿಗೆ ನೀರು ಹಾಕಲು ಯಾರೂ ಸಿಗುತ್ತಿಲ್ಲ. ಇವರನ್ನು ಕೇಳಿದರೆ “ಯೂಟ್ಯೂಬ್ ನೋಡಿ ನೀನೇ ಹಾಕು” ಅನ್ನುತ್ತಾರೆ. ಗಂಡಸರಿಗೆ ಎಲ್ಲವೂ ಸುಲಭ.

ಜನವರಿ 14, ಸಂಕ್ರಾಂತಿ

ಎಳ್ಳು ಬೀರಿ ಬರುವಷ್ಟರಲ್ಲಿ ಲಿಂಗುವಿನ ಮೆಸೇಜ್. ಬಸವಲಿಂಗಮ್ಮ. ಮೂರು ವರ್ಷ ನನ್ನ ಪಕ್ಕ ಕೂತವಳು, ನನ್ನ ಡಬ್ಬಿ ಅವಳದು, ಅವಳ ರೊಟ್ಟಿ ನನ್ನದು. ಮಾರ್ಕ್ಸ್‌ನಲ್ಲಿ ಯಾವಾಗಲೂ ನನಗಿಂತ ಮುಂದೆ. ಮದುವೆಯಾದ ಮೇಲೆ ಸಂಪರ್ಕ ತಪ್ಪಿತ್ತು. ಗಂಡ ಹೋದರು ಎಂದಷ್ಟೇ ಕೇಳಿದ್ದೆ.

ಮೂರೇ ಸಾಲು ಬರೆದಿದ್ದಾಳೆ:

“ಎಳೇ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕ್ತೀನಿ, ಬಾಣಂತಿಯರಿಗೂ. ಜಯನಗರ, ಬನಶಂಕರಿ, ಕುಮಾರಸ್ವಾಮಿ ಲೇಔಟ್, ಎಲ್ಲಿಗಾದ್ರೂ ಬರ್ತೀನಿ. ಕೆಳಗೆ ನನ್ನ ಫೋನ್ ನಂಬರ್ ಹಾಕು.”

ಎರಡೆರಡು ಸಲ ಓದಿದೆ. ಸಂಗಮೇಶನ ಮ್ಯಾರಥಾನ್, ಗಿರಿಜಾಳ ವೀಣೆ, ನಡುವೆ ಇದು. ಲಿಂಗು ಹೀಗಾದಳೇ?

ನಾನು ಹುಡುಕುತ್ತಿರುವುದೂ ಅಂಥವರನ್ನೇ. ಆದರೆ ಜೊತೆಯಲ್ಲಿ ಓದಿದವಳನ್ನು “ಬಂದು ನನ್ನ ಮೊಮ್ಮಗುವಿಗೆ ನೀರು ಹಾಕು” ಎಂದು ಯಾವ ಬಾಯಲ್ಲಿ ಕೇಳುವುದು? ತನ್ಮಯಿಗೂ ಹೇಳಲಿಲ್ಲ.

ಜನವರಿ 17, ಶುಕ್ರವಾರ

ಲಿಂಗುವಿನದು ತಿದ್ದಿದೆ. ‘ಮಾತೃ-ಶಿಶು ಆರೋಗ್ಯ ಸಲಹೆಗಾರ್ತಿ. ಹವ್ಯಾಸ: ಓದು.’ ನಂಬರ್ ತೆಗೆದೆ. ಬೇರೆ ಯಾರದೂ ಇಲ್ಲ, ಇವಳೊಬ್ಬಳದೇ ಇದ್ದರೆ ಅಂಗಡಿ ಬೋರ್ಡಿನ ಹಾಗೆ ಕಾಣುತ್ತೆ. ಅವಳನ್ನು ಕೇಳಲಿಲ್ಲ. ಕೇಳಿದರೆ ಅವಳಿಗೇ ಮುಜುಗರ.

ಪ್ರೆಸ್ಸಿಗೆ ಕಳಿಸಿ ಒಂದು ಸ್ಟ್ರಾಂಗ್ ಕಾಫಿ ಕುಡಿದೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನ. ಎದುರುಮನೆಯವರು ಏಜೆನ್ಸಿಯೊಂದರ ನಂಬರ್ ಕೊಟ್ಟರು. ನೀರು ಹಾಕಲು ಒಬ್ಬಳನ್ನು ಗೊತ್ತುಮಾಡಿ ಆಯಿತು.

ಫೆಬ್ರವರಿ 2, ಭಾನುವಾರ

ಬರೆಯುವುದೇ ಬೇಡ ಅನ್ನಿಸಿತ್ತು.

ಜೆ.ಪಿ. ನಗರದ ಪಾರ್ಟಿ ಹಾಲ್‌ನಲ್ಲಿ ಎಲ್ಲರೂ ಸೇರಿದ್ದೆವು. ಲಿಂಗು ಬಂದಳು. ಕಾಟನ್ ಸೀರೆ, ಅದೇ ನಗು. ನನ್ನನ್ನು ಕಂಡವಳೇ “ಸೀತಾ!” ಎಂದು ತಬ್ಬಿಕೊಂಡಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ಆಮೇಲೆ ಸಂಗಮೇಶ ಸಂಚಿಕೆ ಹಿಡಿದು ಮೈಕಿನಲ್ಲಿ ಒಬ್ಬೊಬ್ಬರನ್ನೇ ಕರೆದ. “ನಮ್ ಬಸವಲಿಂಗಮ್ಮ! ಕನ್ಸಲ್ಟೆಂಟ್ ಗುರು! ಸಖತ್!” ಚಪ್ಪಾಳೆ. ಲಿಂಗು ಸಂಚಿಕೆ ತೆಗೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಊಟದ ನಂತರ ಕೈ ತೊಳೆಯುವಲ್ಲಿ ಸಿಕ್ಕಳು.

“ನನ್ ನಂಬರ್ ಯಾಕ್ ತೆಗ್ದೆ ಸೀತಾ?”

“ಚೆನ್ನಾಗಿ ಕಾಣ್ಲಿ ಅಂತ ಕಣೇ. ನಿನ್ ಮರ್ಯಾದೆ...”

“ಇಲ್ಲಿರೋರೆಲ್ಲ ಅಜ್ಜಿ ಆಗೋ ವಯಸ್ನೋರು. ಒಂದೊಂದ್ ಮನೇಲಿ ಮೂರ್ ನಾಲ್ಕ್ ತಿಂಗ್ಳು ಕೆಲ್ಸ, ಮಗು ದೊಡ್ಡದಾಯ್ತು ಅಂದ್ರೆ ಮುಗೀತು. ಮತ್ತೆ ಹುಡುಕ್ಬೇಕು. ಅದಕ್ಕೇ ಬರ್ದಿದ್ದು. ನಾನ್ ಕೆಲ್ಸ ಕೇಳಿದ್ದೆ ಕಣೇ.”

ನಾನು ತೊಳೆದ ಕೈಯನ್ನೇ ಮತ್ತೆ ತೊಳೆದೆ.

“ಗಿರಿಜಾ ಸೊಸೆಗೆ ಮುಂದಿನ್ ತಿಂಗ್ಳು ಡೆಲಿವರಿ ಅಂತೆ. ನಾನೇ ಬರ್ತೀನಿ ಅಂದೆ. ‘ಅಯ್ಯೋ, ನಿಮ್ಮಂಥೋರ್ನ ಅದಕ್ಕೆಲ್ಲ ಹೇಗ್ರೀ ಕರೆಯೋದು’ ಅಂದ್ಲು. ತಮಾಷೆ ಅನ್ಕೊಂಡ್ಲೋ ಏನೋ.”

ನಗುತ್ತಲೇ ಹೇಳಿದಳು. ಬೈದಿದ್ದರೆ ವಾಸಿಯಿತ್ತು. ಅವಳ ಮರ್ಯಾದೆ ಕಾಯಲು ಹೋಗಿ ಅವಳ ಅನ್ನಕ್ಕೆ ಕಲ್ಲು ಹಾಕಿದೆ. ಅವಳಿಗೆ ನಾಚಿಕೆ ಎಲ್ಲಿತ್ತು? ನಾಚಿಕೆಯೆಲ್ಲ ನನ್ನದು. ಥೂ.

ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ತಿದ್ದುಪಡಿ ಹಾಕಬೇಕು. ಟೈಪ್ ಮಾಡಿದೆ. ‘ಸಂಪಾದಕಿಯ ತಪ್ಪು’ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಅಳಿಸಿದೆ. ನಾಳೆ ಹಾಕುತ್ತೇನೆ.

ಫೆಬ್ರವರಿ 10, ಸೋಮವಾರ

ಹೆಣ್ಣು ಮಗು! ತನ್ಮಯಿ ಆರಾಮ. ತಲೆತುಂಬ ಕೂದಲು.

ತಿದ್ದುಪಡಿ ಇನ್ನೂ ಹಾಕಿಲ್ಲ.

ಫೆಬ್ರವರಿ 23, ಭಾನುವಾರ

ಏಜೆನ್ಸಿಯವಳು ಒಂದು ದಿನ ಬಂದಳು. ಕಿವಿಗೆ ಫೋನು ಸಿಕ್ಕಿಸಿಕೊಂಡೇ ಮಗುವಿಗೆ ನೀರು ಹುಯ್ದಳು. ಮಾರನೇ ದಿನ ಪತ್ತೆಯಿಲ್ಲ. ತನ್ಮಯಿ ಅಳುಮುಖ ಮಾಡಿಕೊಂಡು ಕೂತಾಗ ಲಿಂಗುವಿನ ವಿಷಯ ಬಾಯಿಬಿಟ್ಟೆ. “ಫ್ರೆಂಡೇ ಇದಾರೆ, ಇಷ್ಟ್ ದಿನ ಹೇಳೇ ಇಲ್ವಲ್ಲಮ್ಮ!” ಎಂದಳು.

ಫೋನ್ ಮಾಡಿದೆ. ಮೊದಲು ತಪ್ಪಾಯ್ತು ಅಂದೆ. ಅತ್ತುಬಿಟ್ಟೆ.

“ಆಯ್ತು ಬಿಡೇ, ಅದನ್ನೇ ಎಷ್ಟ್ ದಿನ ಹಿಡ್ಕೋತೀಯ. ಬಿಸಿನೀರು ಕಾಯ್ಸಿಡು, ನಾಳೆ ಎಂಟಕ್ಕೆ ಬರ್ತೀನಿ. ನಿನ್ ಮೊಮ್ಮಗಳಿಗಲ್ದೆ ಇನ್ಯಾರಿಗೆ ಹಾಕ್ಲಿ?”

ಅಷ್ಟು ಸುಲಭವಾಗಿ ಕ್ಷಮಿಸುವುದು ಅವಳಿಗೆ ಹೇಗೆ ಬರುತ್ತದೋ.

ಫೆಬ್ರವರಿ 27, ಗುರುವಾರ, ಮಧ್ಯಾಹ್ನ

ಇವತ್ತು ಬೀಗಿತ್ತಿ ಬಂದರು, ಎರಡು ದಿನ ಇರುತ್ತಾರೆ. ಬಸವನಗುಡಿಯವರು, ದೊಡ್ಡ ಮನೆತನ, ಮಾತೆಲ್ಲ ಅಳೆದು ತೂಗಿ.

ಬಚ್ಚಲಿನಲ್ಲಿ ಲಿಂಗು ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. “ಸೀತಾ, ಟವಲ್ ತಾರೇ!” ಎಂದಳು. ಬೀಗಿತ್ತಿಯ ಹುಬ್ಬು ಮೇಲಕ್ಕೆ ಹೋಯಿತು.

“ಯಾರು ಇವ್ರು? ತುಂಬಾ ಸಲುಗೆ ಇರೋ ಹಾಗಿದೆ.”

ಬಾಗಿಲು ತೆರೆದೇ ಇತ್ತು. ನಾನು ಹೇಳಿದ್ದು: “ಇಲ್ಲೇ, ಕುಮಾರಸ್ವಾಮಿ ಲೇಔಟಿಂದ ಬರ್ತಾರೆ... ನೀರು ಹಾಕೋರು.”

ನಾಲಿಗೆ ಬಿದ್ದುಹೋಗಬಾರದಿತ್ತೇ. ಸಂಚಿಕೆಯಲ್ಲಿ ‘ನೀರು ಹಾಕುವವಳು’ ಎಂದು ಬರೆಯಲು ಆಗದವಳು, ಇವತ್ತು ‘ಗೆಳತಿ’ ಎನ್ನಲಾರದೆ ಅದನ್ನೇ ಹೇಳಿದೆ. ಆಗ ಬೇಡವಾದದ್ದು ಈಗ ಬೇಕಾಯಿತು. ಎರಡು ಸಲವೂ ಕಾಪಾಡಿಕೊಂಡದ್ದು ನನ್ನನ್ನೇ.

ಲಿಂಗು ಮಗುವಿನ ತಲೆ ಒರೆಸಿದಳು, ಸಾಂಬ್ರಾಣಿ ಹೊಗೆ ಕೊಟ್ಟಳು, ಸುತ್ತಿ ತನ್ಮಯಿಯ ಪಕ್ಕ ಮಲಗಿಸಿದಳು. ದಿನವೂ ಕಾಫಿ ಕುಡಿದು ಹರಟೆ ಹೊಡೆದು ಹೋಗುವವಳು ಇವತ್ತು ಕೂರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತಿರುಗಿ ಹೇಳಿದಳು:

“ನಾಳೆ ಎಂಟಕ್ಕೆ ಬರ್ತೀನಿ, ಮೇಡಂ.”

ಕೋಪವಿಲ್ಲ, ಕೊಂಕಿಲ್ಲ. ಬೇರೆ ಮನೆಗಳಲ್ಲಿ ಹೇಳುವ ಹಾಗೇ ಹೇಳಿದಳು.

ಫೆಬ್ರವರಿ 28, ಶುಕ್ರವಾರ, ಬೆಳಿಗ್ಗೆ

ನಿದ್ದೆ ಇಲ್ಲ. ಬೆಳಗಾಗುವ ಮೊದಲೇ ಗ್ರೂಪಿಗೆ ಹಾಕಿದೆ. ಅವಳು ಬರೆದ ಮೂರು ಸಾಲು, ಒಂದಕ್ಷರ ಬದಲಿಸದೆ, ನಂಬರ್ ಸಮೇತ. ಕೆಳಗೆ — ತಿದ್ದಿ ಕೆಡಿಸಿದವಳು ನಾನು, ಸೀತಾಲಕ್ಷ್ಮಿ. ಗಿರಿಜಾ ಆಗಲೇ ‘ಕಾಲ್ ಮಾಡ್ತೀನಿ’ ಎಂದು ಹಾಕಿದ್ದಾಳೆ. ಅದು ಸುಲಭದ್ದು, ಫೋನಿನಲ್ಲಿ ಯಾರ ಮುಖವೂ ಕಾಣುವುದಿಲ್ಲ.

ಬೀಗಿತ್ತಿ ಹಾಲ್‌ನಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಇವತ್ತು ಅವರು ಕೇಳುವ ಮುಂಚೆಯೇ ಹೇಳಬೇಕು. ಇವಳು ನನ್ನ ಗೆಳತಿ, ಜೊತೆಯಲ್ಲಿ ಓದಿದವಳು ಎಂದು. ಲಿಂಗುವಿನ ಎದುರಿಗೇ. ಕೈ ಹಿಡಿದು ಕರೆದುಕೊಂಡು ಹೋಗಿ...

ಗೇಟಿನ ಸದ್ದು. ಬಂದಳು.

“ಸೀತಾಲಕ್ಷ್ಮಿಯವ್ರೇ, ನಿಮ್ ಕೆಲ್ಸದವ್ಳು ಬಂದ್ಲು ನೋಡಿ” — ಬೀಗಿತ್ತಿಯ ದನಿ.

ಕಿಟಕಿಯಿಂದ ಕಾಣುತ್ತಿದೆ. ಮುಂಬಾಗಿಲು ತೆರೆದೇ ಇದೆ. ಲಿಂಗು ಮೆಟ್ಟಿಲು ಹತ್ತಲಿಲ್ಲ. ಮನೆ ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಹೋಗುತ್ತಿದ್ದಾಳೆ. ಏಳಬೇಕು. ಈಗಲೇ ಎದ್ದು, ಎಲ್ಲರಿಗೂ ಕೇಳುವ ಹಾಗೆ, ಲಿಂಗೂ ಎಂದು —